ಅಂಗಿಗೆ ಚುಚ್ಚಿದ ನೋಟು

ಬೈರಮಂಗಲದ ಬೋರಲಿಂಗಯ್ಯನವರ ಸೈಕಲ್ ಒಂದು ಕಾಲದಲ್ಲಿ ಸುತ್ತಲ ಊರುಗಳಿಗೆಲ್ಲ ಮನೆಮಾತು. ರೇಷ್ಮೆಗೂಡಿನ ಮೂಟೆ ಹಿಂದೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟರೆ ಬಸ್ಸಿನವರೇ ದಾರಿ ಬಿಡುತ್ತಿದ್ದರು. ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ರೇಸ್ ನಡೆದರೂ ಮೊದಲ ಬಹುಮಾನ ಅವರದೇ. ಬಹುಮಾನ ಅಂದರೆ ಏನು ಮಹಾ, ಒಂದು ಸ್ಟೀಲ್ ಲೋಟ, ಒಂದು ಹಾರ. ಅದಕ್ಕೇ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು!

ಇಪ್ಪತ್ತೆರಡರ ಹರೆಯದಲ್ಲಿ ಮೈಸೂರಿನ ದೊಡ್ಡ ರೇಸಿಗೆ ಕರೆ ಬಂತು. ಗೆದ್ದರೆ ರಾಜ್ಯದ ಚಾಂಪಿಯನ್. ಬದುಕಿನಲ್ಲಿ ಅದೊಂದು ಬಿಟ್ಟರೆ ಅವರಿಗೆ ಬೇರೇನೂ ಬೇಕಿರಲಿಲ್ಲ.

ಅದೇ ವಾರ ಊರ ಬಯಲಲ್ಲಿ ಕರೀಂ ಎಂಬಾತ ಸೈಕಲ್ ಸರ್ಕಸ್ ಹೂಡಿದ್ದ. ವಾರವಿಡೀ ಕಾಲು ನೆಲಕ್ಕೆ ತಾಗಿಸದೆ ಸೈಕಲ್ ಸುತ್ತುವ ಆಟ. ಮೆಚ್ಚಿದವರು ಅಂಗಿಗೆ ನೋಟು ಚುಚ್ಚುವುದು. ನಡುವೆ ಕರೀಮನಿಗೆ ಜ್ವರ ಏರಿ ಇನ್ನೇನು ಬೀಳುವಂತಾದ. ಆಟ ನಿಂತರೆ ಹೆಂಡತಿ ಮಕ್ಕಳಿಗೆ ಗಂಜಿಯಿಲ್ಲ. ಬೋರಲಿಂಗಯ್ಯ ಹಿಂದೆಮುಂದೆ ನೋಡದೆ ಸೈಕಲ್ ಹತ್ತಿದರು. ಸಂಜೆವರೆಗೆ ಸುತ್ತಿ, ಅಂಗಿಗೆ ಚುಚ್ಚಿದ್ದ ನೋಟನ್ನೆಲ್ಲ ಬಿಚ್ಚಿ ಕರೀಮನ ಹೆಂಡತಿಯ ಕೈಗಿಟ್ಟರು.

ಯಾವನೋ ಹೊಟ್ಟೆಕಿಚ್ಚಿನವನು ಮೈಸೂರಿಗೆ ಸುದ್ದಿ ಮುಟ್ಟಿಸಿದ. ಆ ರೇಸ್ ಹವ್ಯಾಸಿಗಳಿಗೆ ಮಾತ್ರ. ದುಡ್ಡಿಗೆ ಸೈಕಲ್ ತುಳಿದವನಿಗೆ ಅಲ್ಲಿ ಜಾಗವಿಲ್ಲ.

“ದುಡ್ಡು ಇಸ್ಕೊಂಡು ಸೈಕಲ್ ಹೊಡೆದಿದ್ದೀಯೇನಪ್ಪ?” ಎಂದು ರೇಸಿನ ಅಧಿಕಾರಿ ಕರೆಸಿ ಕೇಳಿದರು.

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. “ಜನ ಚುಚ್ಚುದ್ರು ಸ್ವಾಮಿ. ಕರೀಮನ್ ಎಂಡ್ರಿಗೆ ಕೊಟ್ಬುಟ್ಟೆ,” ಎಂದರು ಈ ಪುಣ್ಯಾತ್ಮ. ಯಾರಿಗೆ ಕೊಟ್ಟರೆ ಅವರಿಗೇನು? ಹೆಸರು ಹೊಡೆದುಹಾಕಿದರು. ಬೋರಲಿಂಗಯ್ಯ ಮತ್ತೆಂದೂ ರೇಸಿಗೆ ಹೋಗಲಿಲ್ಲ. ಇಳಿಜಾರಿನ ಗಾಳಿಗೆ ಅಂಗಿ ಉಬ್ಬುತ್ತಿದ್ದದ್ದು, ಮಾಗಡಿ ರಸ್ತೆಯ ಹುಣಸೆಮರಗಳ ನೆರಳು, ಇವೆಲ್ಲ ಈಗಲೂ ಕನಸಿಗೆ ಬರುತ್ತವೆ.

ಮೊನ್ನೆ ರಾಮನಗರದಲ್ಲಿ ಸೈಕಲ್ ರೇಸ್. ಬಾವುಟ ಬೀಸಲು ಅವರನ್ನು ಕರೆದಿದ್ದರು. ಜೊತೆಗೆ ಹೆಂಡತಿ ಸರಸಮ್ಮ. ಹುಡುಗರ ಅಂಗಿ ತುಂಬ ಅಂಗಡಿಗಳ ಹೆಸರು, ಗೆದ್ದವನಿಗೆ ಲಕ್ಷ ರೂಪಾಯಿ. ಯಾಕೆ ಎಂದು ಕೇಳುವವರೇ ಇಲ್ಲ! ಮುದುಕರಾಗಿದ್ದ ಬೋರಲಿಂಗಯ್ಯನವರ ಹೊಟ್ಟೆ ಉರಿದದ್ದು ಸುಳ್ಳಲ್ಲ.

ಅಷ್ಟರಲ್ಲಿ ಮೈಕಿನವನು, “ನಮ್ಮ ಹೆಮ್ಮೆಯ ಮಾಜಿ ರಾಜ್ಯ ಚಾಂಪಿಯನ್ ಬೋರಲಿಂಗಯ್ಯನವರು!” ಎಂದು ಕೂಗಿಬಿಟ್ಟ. ಚಪ್ಪಾಳೆಯೋ ಚಪ್ಪಾಳೆ. ಅಲ್ಲಪ್ಪ ಎನ್ನಲು ಬಾಯಿ ತೆರೆದವರು ಹೆಂಡತಿಯ ಕಡೆ ನೋಡಿದರು. ಸರಸಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೋರಲಿಂಗಯ್ಯ ಬಾಯಿ ಮುಚ್ಚಿಕೊಂಡು ಬಾವುಟ ಬೀಸಿದರು.

ವಾಪಸ್ ಬರುವಾಗ ಆಟೋದಲ್ಲಿ ಸರಸಮ್ಮ ಮೊಣಕೈಯಿಂದ ತಿವಿದರು. “ಅಲ್ಲಾ, ಆವತ್ತು ಒಂದ್ ಸುಳ್ಳು ಯೋಳಕ್ಕಾಗ್ನಿಲ್ಲ ನಿಮ್ಗೆ. ಇವತ್ತು ಚಾಂಪಿಯನ್ ಅಂದ್ರೆ ಸುಮ್ಕೆ ನಿಂತ್ಕಂಡ್ಬುಟ್ರಲ್ಲ?”

ಬೋರಲಿಂಗಯ್ಯ ಹೆಂಡತಿಯ ಕಡೆ ವಾಲಿ ಕಿವಿ ಕೊಟ್ಟರು.

“ಮೈಕ್ನೋನು ಏನಂದ? ಒಸಿ ಇನ್ನೊಂದ್ ಸಲಿ ಯೋಳಮ್ಮಿ.”