ಚನ್ನರಾಯಪಟ್ಟಣದ ಮೇಲೆ ಏಳು ಸುತ್ತು

ಕಳೆದ ಭಾನುವಾರ ಕಂಪ್ಯೂಟರ್ ಮೇಜಿನ ಕೆಳಗೆ ಕಸ ಗುಡಿಸಿದೆ. ಇದೇನು ಹೇಳಿಕೊಳ್ಳುವಂಥ ಸಾಧನೆ ಎಂದು ನೀವು ಕೇಳಬಹುದು. ಆದರೆ ಅಲ್ಲಿಗೆ ಪೊರಕೆ ಹೋಗಿ ನಾಲ್ಕು ವರ್ಷವಾಗಿತ್ತು. ಅದು ನಿಮ್ಮ ಏರೋಡ್ರಮ್ಮು, ನೀವೇ ಗುಡಿಸಿಕೊಳ್ಳಿ ಎಂದು ನನ್ನ ಹೆಂಡತಿ ಶಾರದೆ ಎಂದೋ ಕೈ ತೊಳೆದುಕೊಂಡಿದ್ದಳು. ಧೂಳು, ಎರಡು ಪೆನ್ನಿನ ಮುಚ್ಚಳ, ಒಂದು ಕೋಡುಬಳೆಯ ಚೂರು, ಇವುಗಳ ಹಿಂದೆಯೇ ಟಕಟಕ ಎನ್ನುತ್ತ ಏನೋ ಉರುಳಿ ಬಂತು. ನಿಂಬೆಹಣ್ಣು. ಒಣಗಿ, ಕಪ್ಪಾಗಿ, ಗೋಲಿಯಷ್ಟು ಗಟ್ಟಿಯಾಗಿತ್ತು. ಮೂಸಿ ನೋಡಿದರೆ ಉಪ್ಪಿನಕಾಯಿ ಭರಣಿಯ ತಳದ ವಾಸನೆ. ಅದರ ಒಂದು ಪಕ್ಕಕ್ಕೆ ಐದು ಸಮಾನಾಂತರ ಗೆರೆಗಳು ಒತ್ತಿಕೊಂಡಿದ್ದವು. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು, ಸಮಾನಾಂತರ ರೇಖೆ ಕಂಡರೆ ಸುಮ್ಮನಿರಲಾಗುವುದಿಲ್ಲ. ಆ ಗೆರೆಗಳು ಯಾವುದರವು ಎಂದು ಹೊಳೆದದ್ದೇ ಪೊರಕೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಏಕೆ ಕೂತೆ ಎಂದು ಹೇಳಬೇಕಾದರೆ ರಂಗಣ್ಣನವರ ವಿಷಯ ಹೇಳಬೇಕು, ರಂಗಣ್ಣನವರ ವಿಷಯ ಹೇಳಬೇಕಾದರೆ ಮೊದಲು ವಿಮಾನದ ವಿಷಯ.

ನಾನು ಈವರೆಗೆ ನಿಜವಾದ ವಿಮಾನ ಹತ್ತಿಲ್ಲ. ಹೊಳೆನರಸೀಪುರದ ನಮ್ಮ ಮನೆಯ ತಾರಸಿ ಹತ್ತಿ ಸಂಡಿಗೆ ಕಾಯುವುದೇ ನಾನು ಮುಟ್ಟಿದ ಎತ್ತರ. ಸ್ಕೂಟರ್ ಕೂಡ ಬಾರದು. ಅಪ್ಪ, ತಾತ ಅರ್ಚಕರು; ಗರುಡವಾಹನದ ಆಚೆ ನಮ್ಮ ವಂಶಕ್ಕೂ ಹಾರಾಟಕ್ಕೂ ಸಂಬಂಧವಿರಲಿಲ್ಲ. ಆದರೂ ನಲವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಚಟ ಅಂಟಿಕೊಂಡಿತು. ಮೇಜಿಗೆ ಕಚ್ಚಿಸಿದ ಒಂದು ಸ್ಟಿಯರಿಂಗು, ಕಾಲಬಳಿ ಎರಡು ಪೆಡಲು. ಎಡಗಾಲು ಒತ್ತಿದರೆ ವಿಮಾನದ ಮೂತಿ ಎಡಕ್ಕೆ, ಬಲಗಾಲು ಒತ್ತಿದರೆ ಬಲಕ್ಕೆ. ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ ಬರುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಮುಂದಿನ ಕಥೆಗೆ ಬೇಕಾಗುತ್ತದೆ.

ನನ್ನಂಥವರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ವರ್ಷಕ್ಕೊಮ್ಮೆ ಎಲ್ಲರೂ ಇಂಟರ್ನೆಟ್ಟಿನಲ್ಲಿ ಕಲೆತು ಹಳೆಯ ಕಾಲದ ಪ್ರಯಾಣಿಕ ವಿಮಾನಗಳ ರ್‍ಯಾಲಿ ನಡೆಸುತ್ತಾರೆ. ವೇಗದ ಪಂದ್ಯವಲ್ಲ. ದಾರಿಯಲ್ಲಿರುವ ಒಂದೊಂದು ಊರಿನ ಮೇಲೂ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬರುತ್ತೇವೆಂದು ಮೊದಲೇ ಬರೆದುಕೊಡಬೇಕು. ಬರೆದ ಹೊತ್ತಿಗೆ ಬಂದವರು ಗೆದ್ದರು. ದಾರಿ ತೋರಿಸುವ ಯಂತ್ರ ಕೂಡದು. ಕಾಗದದ ನಕ್ಷೆ, ಕೈಗಡಿಯಾರ, ಕಿಟಕಿಯಾಚೆ ಕಾಣುವ ಹೊಳೆ ಬೆಟ್ಟ, ಅಷ್ಟೇ. ಮೊದಲ ವರ್ಷ ನಾನು ಸಮುದ್ರಕ್ಕೆ ಬಿದ್ದೆ. ಎರಡನೆಯ ವರ್ಷ ಎಚ್ಚರಿಕೆಯಿಂದ ಸಮುದ್ರ ತಪ್ಪಿಸಿ ಬೆಟ್ಟಕ್ಕೆ ಗುದ್ದಿದೆ. ಮೂರನೆಯ ಸಲವೂ ತಲುಪದವರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಆ ಮೂರನೆಯ ವರ್ಷವೇ ನಾನು ಸೂಚಿಸಿದ ದಾರಿ ಆಯ್ಕೆಯಾಗಬೇಕೆ? ಮೈಸೂರಿನಲ್ಲಿ ಎದ್ದು, ಹೊಳೆನರಸೀಪುರ, ಅರಕಲಗೂಡು, ಹಾಸನ, ಚನ್ನರಾಯಪಟ್ಟಣಗಳ ಮೇಲೆ ಹಾದು ಬೆಂಗಳೂರಿನಲ್ಲಿ ಇಳಿಯುವುದು. ಅಷ್ಟು ವಿಮಾನಗಳಿಗೆ ದಾರಿ ತೋರಿಸುತ್ತ ಮುಂದೆ ಹೋಗಬೇಕಾದವನು ನಾನೇ. ಸ್ವಂತ ಊರಿನ ಮೇಲೆಯೇ ದಾರಿ ತಪ್ಪಿ ಹೆಸರು ಹೊಡೆಸಿಕೊಳ್ಳುವ ಯೋಗ ಬಂತಲ್ಲಾ ಎಂದು ನಿದ್ದೆ ಕೆಟ್ಟಿತು.

ಆಗ ನೆನಪಾದವರು ಎದುರು ಮನೆಯ ರಂಗಣ್ಣ. ಮೂಲ ದುದ್ದದ ಕಡೆಯವರು. ಇದೇ ನಾಲ್ಕೂ ಊರುಗಳ ನಡುವೆ ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸು ಓಡಿಸಿ, ಕಣ್ಣಿನ ಪೊರೆ ಬಂದು ನಿಲ್ಲಿಸಿ, ಆಮೇಲೆ ಆಪರೇಷನ್ ಮಾಡಿಸಿಕೊಂಡವರು. ದಾರಿಯಲ್ಲಿನ ಹಳೇಕೋಟೆಯಲ್ಲಿ ಅವರ ಬಸ್ಸಿನ ಹಾರನ್ನು ಕೇಳಿ ಮುದ್ದೆಗೆ ಎಸರಿಡುತ್ತಿದ್ದರಂತೆ. ಹೊತ್ತಿನ ವಿಷಯದಲ್ಲಿ ಅಷ್ಟು ಖಡಾಖಂಡಿತ ಮನುಷ್ಯ. ಪಕ್ಕದಲ್ಲಿ ಕೂತು ನಕ್ಷೆ, ಗಡಿಯಾರ ನೋಡಿಕೊಳ್ಳಿ ಎಂದು ಕೇಳಿಕೊಂಡೆ. ಯಾವ ವಿಮಾನ ಎಂದರು. ಡಕೋಟ ಎಂದೆ.

‘ನನ್ ಬಸ್ಗೂ ಜನ ಅಂಗೇ ಅಂತಿದ್ರು ಕಣ್ ಮೇಷ್ಟ್ರೇ,’ ಎಂದರು. ‘ನಡೀರಿ, ಓಡ್ಸಾಣ.’

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಒಂಬತ್ತೇ ನಿಮಿಷ ಎಂಬುದನ್ನು ಒಪ್ಪಿಸಲು ಮೂರು ಸಲ ಲೆಕ್ಕ ಮಾಡಿ ತೋರಿಸಬೇಕಾಯಿತು. ಹತ್ತುವವರು ಇಳಿಯುವವರು ಯಾರೂ ಇಲ್ಲ ಎಂದ ಮೇಲೆ ಅರೆಮನಸ್ಸಿನಿಂದ ತಲೆಯಾಡಿಸಿದರು.

ರ್‍ಯಾಲಿಯ ದಿನ ಮಧ್ಯಾಹ್ನ ರಂಗಣ್ಣ ಇಸ್ತ್ರಿ ಮಾಡಿದ ಖಾಕಿ ಷರಟು ಹಾಕಿಕೊಂಡು, ಕೈಯಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ಬಂದರು. ಗಾಡಿ ಹೊರಡುವ ಮುಂಚೆ ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಲೇಬೇಕು, ಅದಿಲ್ಲದೆ ಅವರು ಒಂದು ದಿನವೂ ಕ್ಲಚ್ಚು ಒತ್ತಿದವರಲ್ಲ. ಈ ವಿಮಾನದ ಚಕ್ರ ಗಾಜಿನ ಹಿಂದಿದೆಯಲ್ಲ ಎಂದೆ. ಅವರು ಸುತ್ತ ನೋಡಿ, ಮೇಜಿನ ಮುಂದೆ ನಾನು ಕೂರುವ, ಕೆಳಗೆ ಗಾಲಿಗಳಿರುವ ಕುರ್ಚಿಯನ್ನು ಆರಿಸಿಕೊಂಡರು. ಅದಕ್ಕೆ ಗಾಲಿ ಐದು, ಹಣ್ಣು ನಾಲ್ಕು. ಐದನೆಯದನ್ನು ಸ್ಟೆಪ್ನಿ ಎಂದು ತೀರ್ಮಾನಿಸಿ, ಉಳಿದ ನಾಲ್ಕರ ಮುಂದೆ ಒಂದೊಂದು ಇಟ್ಟರು. ನಾನು ಕೂತು ಹಿಂದೆ ಮುಂದೆ ಉರುಳಿದೆ. ನನ್ನ ತೂಕದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಪಚಕ್ ಪಚಕ್ ಎಂದು ರಸ ಚಿಮ್ಮಿತು. ಇರುವೆ ಬರುತ್ತದೆಂದು ಗೊಣಗುತ್ತ ಶಾರದೆ ಆಗಲೇ ಬಟ್ಟೆ ತಂದು ಬಳಿದುಕೊಂಡು ಹೋದಳು.

ಶುರು ಬಲು ಸೊಗಸಾಗಿತ್ತು. ಹೇಮಾವತಿಯನ್ನು ಹಿಡಿದು ನಮ್ಮೂರಿಗೆ ಬರೆದ ನಿಮಿಷಕ್ಕೆ ಸರಿಯಾಗಿ ಬಂದೆವು. ಬಸ್‌ಸ್ಟಾಂಡ್ ಇರಬೇಕಾದ ಕಡೆ ಕಂಪ್ಯೂಟರಿನವರು ಯಾವುದೋ ಶೀತದೇಶದ ಮರಗಳನ್ನು ನೆಟ್ಟಿದ್ದು ನೋಡಿ ರಂಗಣ್ಣ ಬೇಸರಪಟ್ಟರೂ, ಅಭ್ಯಾಸಬಲದಿಂದ ‘ನರಸೀಪುರ, ನರಸೀಪುರ’ ಎಂದು ಕೂಗಿದರು. ಅರಕಲಗೂಡಿಗೂ ಸರಿಯಾಗಿ ಬಂದೆವು. ಹಾಸನಕ್ಕೂ ಅಷ್ಟೇ. ನನ್ನ ಹಿಂದೆ ಹನ್ನೊಂದು ವಿಮಾನಗಳು ಸಾಲುಗಟ್ಟಿ ಬರುತ್ತಿದ್ದವು. ನನ್ನ ಹಿಂದೆ ಯಾರಾದರೂ ಬಂದದ್ದು ಜೀವನದಲ್ಲಿ ಅದೇ ಮೊದಲು.

ಚನ್ನರಾಯಪಟ್ಟಣ ಕಂಡಿತು. ಊರು ಸರಿಯಾಗಿ ಕೆಳಗೆ ಬರಲೆಂದು ಎಡಗಾಲನ್ನು ತುಸು ಒತ್ತಿದೆ. ವಿಮಾನ ಎಡಕ್ಕೆ ತಿರುಗಿತು. ನೇರ ಮಾಡೋಣವೆಂದು ಬಲಗಾಲು ಒತ್ತಿದರೆ ಪೆಡಲು ಅಲುಗಲಿಲ್ಲ. ವಿಮಾನ ಎಡಕ್ಕೇ ತಿರುಗುತ್ತ ಊರನ್ನು ಒಂದು ಸುತ್ತು ಹಾಕಿತು. ಎರಡಾಯಿತು. ಸ್ಟಿಯರಿಂಗನ್ನು ಬಲಕ್ಕೆ ಎಳೆದು ಜೋತುಬಿದ್ದರೂ ಮೂರಾಯಿತು. ಅಷ್ಟರಲ್ಲಿ ಕಿವಿಯ ಹೆಡ್‌ಫೋನಿನಲ್ಲಿ ಹಿಂದಿನ ವಿಮಾನದ ಇಂಗ್ಲೆಂಡಿನ ಅಜ್ಜಿ, ಇದೇನು ಇಲ್ಲಿನ ಪದ್ಧತಿಯೇ ಎಂದು ಬಹಳ ವಿನಯದಿಂದ ಕೇಳಿದಳು. ಮಾನ ಉಳಿಯಬೇಕಲ್ಲ. ಹೌದು, ಕೆಳಗೆ ಪುಣ್ಯಸ್ಥಳವಿದೆ, ಪ್ರದಕ್ಷಿಣೆ ಹಾಕುವುದು ನಮ್ಮ ವಾಡಿಕೆ ಎಂದುಬಿಟ್ಟೆ. ಒಳ್ಳೆಯ ಜನ ಅವರು. ಹನ್ನೊಂದು ವಿಮಾನಗಳೂ ನನ್ನ ಹಿಂದೆ ಭಯಭಕ್ತಿಯಿಂದ ಸುತ್ತತೊಡಗಿದವು. ಪ್ರದಕ್ಷಿಣೆ ಬಲಕ್ಕೆ ಹಾಕಬೇಕು, ನಾವು ಹಾಕುತ್ತಿರುವುದು ಅಪ್ರದಕ್ಷಿಣೆ ಎಂಬುದು ಅರ್ಚಕರ ಮನೆಯಲ್ಲಿ ಹುಟ್ಟಿದ ನನಗೆ ನಾಲ್ಕನೆಯ ಸುತ್ತಿಗೆ ನೆನಪಾಯಿತು.

ಇತ್ತ ಗಡಿಯಾರ ನೋಡಿ ನೋಡಿ ರಂಗಣ್ಣ ಬೆವರುತ್ತಿದ್ದರು. ಚನ್ನರಾಯಪಟ್ಟಣಕ್ಕೆ ಅವರು ಎಂದೂ ತಡವಾಗಿ ಬಂದವರಲ್ಲ. ಬಂದ ಮೇಲೆ ಬಿಡದೆ ಸುತ್ತಿದವರಂತೂ ಅಲ್ಲವೇ ಅಲ್ಲ. ತಿರುಗಿಸೋಕೆ ಬರಲ್ವಾ ನಿಮಗೆ ಎಂದರು. ಆರನೆಯ ಸುತ್ತಿಗೆ ನನ್ನ ತಾಳ್ಮೆ ಹೋಯಿತು. ನೀವೇ ಪೆಡಲಿಗೆ ಕಾಲು ಅಡ್ಡ ಕೊಟ್ಟಿದ್ದೀರಿ, ಕಾಲು ತೆಗೀರಿ ಎಂದು ರೇಗಿದೆ.

ರಂಗಣ್ಣ ನಕ್ಷೆ ಮಡಚಿ ಮೇಜಿನ ಮೇಲಿಟ್ಟರು.

‘ಇಪ್ಪತ್ತೆಂಟ್ ವರ್ಸ ಕ್ಲಚ್ಚು ಬ್ರೇಕು ತುಳ್ದಿರೋ ಕಾಲು ಮೇಷ್ಟ್ರೇ ಇದು. ಎಲ್ ಮಡಗ್ಬೇಕು ಅಂತ ಇದ್ಕೆ ಗೊತ್ತು.’

ಹೀಗಂದು, ಏಳನೆಯ ಸುತ್ತು ಮುಗಿಯುವ ಹೊತ್ತಿಗೆ ಎದ್ದುಬಿಟ್ಟರು. ಏಳುವ ರಭಸಕ್ಕೆ ಮೊಣಕಾಲು ತಗಲಿ ಮೇಜು ದಡಕ್ಕೆಂದು ಅಲುಗಿತು. ಅದೇ ಕ್ಷಣ ಪೆಡಲು ಸಡಿಲವಾಯಿತು, ವಿಮಾನ ನೇರವಾಯಿತು. ಅವರು ಎದ್ದ ಕೂಡಲೇ ಸರಿಯಾಯಿತಲ್ಲ, ಇನ್ನೇನು ಸಾಕ್ಷಿ ಬೇಕು ಎಂದುಕೊಂಡೆ. ಬಾಯಿಬಿಟ್ಟು ಹಾಗೇ ಅಂದೂಬಿಟ್ಟೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ನಾನು ಒಬ್ಬನೇ ಬೆಂಗಳೂರಿಗೆ ಹೋಗಿ ಇಳಿದೆ. ಎಲ್ಲರೂ ಏಳು ಸುತ್ತು ಹಾಕಿ ಎಲ್ಲರ ನಿಮಿಷವೂ ಕೆಟ್ಟಿದ್ದರಿಂದ ಚನ್ನರಾಯಪಟ್ಟಣದ ಅಂಕಗಳನ್ನು ರದ್ದು ಮಾಡಿ, ಮೊದಲ ಮೂರು ಊರಿನ ಲೆಕ್ಕದಲ್ಲಿ ನನಗೆ ಎರಡನೆಯ ಸ್ಥಾನ ಕೊಟ್ಟರು. ಪಟ್ಟಿಯಲ್ಲಿ ಹೆಸರು ಉಳಿಯಿತು. ನನ್ನ ಪಕ್ಕದ ಕುರ್ಚಿಯಲ್ಲಿ ರಂಗಣ್ಣನವರು ಉಳಿಯಲಿಲ್ಲ. ಮಾತು ಬಿಟ್ಟರೆಂದಲ್ಲ, ನಲ್ಲಿ ನೀರು, ಮೊಣಕಾಲು ನೋವು, ಹಾಲಿನ ಡೇರಿ ಎಲ್ಲ ಮಾತಾಡುತ್ತಿದ್ದೆವು. ನಮ್ಮ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಬೀದಿಯ ಮೇಲೆ ವಿಮಾನ ಹೋದರೆ ಇಬ್ಬರೂ ನೆಲ ನೋಡುತ್ತಿದ್ದೆವು. ನಾಲ್ಕು ವರ್ಷ, ಅವರದೇ ತಪ್ಪು ಎಂದು ನಾನು ದೊಡ್ಡ ಮನಸ್ಸಿನಿಂದ ಅವರನ್ನು ಕ್ಷಮಿಸುತ್ತಲೇ ಇದ್ದೆ.

ಈಗ ನಿಂಬೆಹಣ್ಣಿನ ಮೇಲಿನ ಐದು ಗೆರೆಗಳಿಗೆ ಬರೋಣ. ಅವು ಬಲಗಾಲಿನ ಪೆಡಲಿನ ಆಚೆ ಬದಿಯ ರಬ್ಬರಿನ ಗೆರೆಗಳು. ಹೋಲಿಸಿ ನೋಡಿದೆ, ಅಳತೆ ಕೂಡ ಹಿಡಿದೆ. ಗಾಲಿಗೆ ಸಿಕ್ಕದೆ ತಪ್ಪಿಸಿಕೊಂಡ ಹಣ್ಣು ಉರುಳಿ ಹೋಗಿ, ನಾನು ಎಡಗಾಲು ಒತ್ತಿದಾಗ ಹಿಂದೆ ಬಂದ ಬಲ ಪೆಡಲಿನ ಮುಂದೆ ಸಿಕ್ಕಿಕೊಂಡಿತ್ತು, ಮೇಜು ಅಲುಗಿದಾಗ ಕಳಚಿಕೊಂಡಿತ್ತು. ನನಗೆ ನಾಚಿಕೆಯಾಯಿತು. ಅದನ್ನು ಅಂಗೈಯಲ್ಲಿ ಹಿಡಿದು, ಪೊರಕೆಯನ್ನು ಇಡುವುದನ್ನೂ ಮರೆತು, ರಸ್ತೆ ದಾಟಿದೆ.

ರಂಗಣ್ಣ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ತಪ್ಪು ನನ್ನದು, ನಿಮ್ಮ ಕಾಲಿನದಲ್ಲ ಎಂದು ಹೇಳಿ ಹಣ್ಣನ್ನು ಮುಂದಿಟ್ಟೆ. ಅವರು ಅದನ್ನು ಆಶ್ಚರ್ಯಪಡದೆ ನೋಡಿದರು.

‘ನಾಕು ಮಡಗಿದ್ದೆ. ಅಮ್ಮಾವ್ರು ಬಳ್ಕಂಡಾಗ ಮೂರೇ ಇದ್ವು. ಅವತ್ತು ಮನೇಗ್ ಬಂದ್ ಚಪ್ಲಿ ಬಿಡೋವಾಗ್ಲೇ ಗೊತ್ತಾಯ್ತು.’

ಹಾಗಾದರೆ ಹೇಳಬಹುದಿತ್ತಲ್ಲ ಎಂದೆ.

‘ಏನಂತ ಯೋಳ್ಳಿ? ಕಾಲು ನಂದಲ್ಲ ಅಂತ ಜೋರು ಮಾಡ್ಬುಟ್ಟು ಬಂದಿದ್ದೆ. ನಿಂಬೆಅಣ್ಣು ಮಡಗಿದ್ ಕೈ ನಂದೇ ಅಲ್ವಾ.’

ಅಂದರೆ ನಾಲ್ಕು ವರ್ಷ ನಾನು ಅವರನ್ನು ಕ್ಷಮಿಸುತ್ತಿದ್ದೆ, ಅವರು ನನಗೆ ಮುಖ ತೋರಿಸಲಾರದೆ ಒದ್ದಾಡುತ್ತಿದ್ದರು. ಇಬ್ಬರಿಗೂ ನಗು ಬಂತು, ನಕ್ಕು ನಕ್ಕು ಅವರೆಕಾಯಿಯ ಮೊರ ಮಗುಚಿಕೊಂಡಿತು. ಆ ಏಳು ಸುತ್ತನ್ನು ರ್‍ಯಾಲಿಯವರು ಪದ್ಧತಿಯೆಂದೇ ಭಾವಿಸಿ, ಈಗ ಯಾವ ದೇಶದಲ್ಲಿ ಹಾರಿದರೂ ನಾಲ್ಕನೆಯ ಊರಿಗೆ ಎಡಸುತ್ತು ಹಾಕುತ್ತಾರೆಂದು ಹೇಳಿದೆ. ರಂಗಣ್ಣ ಕೆನ್ನೆ ಬಡಿದುಕೊಂಡು, ಮೊದಲು ಅದನ್ನು ಬಲಸುತ್ತು ಮಾಡಿಸಿ ಎಂದರು. ಆವತ್ತೇ ಪತ್ರ ಬರೆದೆ. ಸ್ಥಳೀಯ ಹಿರಿಯರೊಬ್ಬರು ತಿದ್ದಿದ್ದಾರೆ ಎಂದು ಸೇರಿಸಿದೆ.

ಇವತ್ತು ಮತ್ತೆ ಭಾನುವಾರ, ಈ ವರ್ಷದ ರ್‍ಯಾಲಿ, ದಾರಿ ಮತ್ತೆ ನಮ್ಮದೇ. ರಂಗಣ್ಣ ಖಾಕಿ ಷರಟು ಹಾಕಿಕೊಂಡು ಬಂದಿದ್ದಾರೆ. ನಿಂಬೆಹಣ್ಣಿಲ್ಲ, ಎರಡೂ ಕೈಯಲ್ಲಿ ತಬ್ಬಿಕೊಂಡು ಬೂದುಗುಂಬಳ ತಂದಿದ್ದಾರೆ. ಇದಾದರೆ ಯಾವ ಪೆಡಲಿನ ಸಂದಿಗೂ ಹೋಗುವುದಿಲ್ಲವಂತೆ. ಶಾರದೆ ಅದನ್ನು ಅಂಗಳದಲ್ಲೇ ಒಡೆಸಿದಳು. ಎಂಜಿನ್ನು ಶುರು ಮಾಡಿ ಪಕ್ಕಕ್ಕೆ ನೋಡಿದೆ. ರಂಗಣ್ಣ ತೊಡೆಯ ಮೇಲೆ ನಕ್ಷೆ ಹರಡಿಕೊಂಡು, ಎರಡೂ ಕಾಲನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಡಚಿಟ್ಟು, ನನಗೆ ಚೆನ್ನಾಗಿ ಕಾಣುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

‘ಕಾಲು ಇಳಿಬಿಡಿ ರಂಗಣ್ಣ,’ ಎಂದೆ.

ಒಂದನ್ನು ಇಳಿಸಿದರು. ಮೈಸೂರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಇನ್ನೊಂದನ್ನೂ ಇಳಿಸಿದರು.