ಬೀಕರಿಗೆ ವಿಭೂತಿ

ನಮ್ಮ ಸರ್ ಎಡಗಿವಿಯ ಮೇಲೆ ಯಾವಾಗಲೂ ಒಂದು ಚಾಕ್ ತುಂಡು ಸಿಕ್ಕಿಸಿಕೊಂಡಿರುತ್ತಿದ್ದರು. ಸಂಜೆಯ ಹೊತ್ತಿಗೆ ಆ ಕಿವಿಯೊಂದೇ ಬೆಳ್ಳಗಾಗಿ, ಅರ್ಧ ಮುದುಕರಾದಂತೆ ಕಾಣುತ್ತಿದ್ದರು. ಕಂಪ್ಲಿಯಲ್ಲಿ ಅವರ ಮನೆಯವರದು ಅಕ್ಕಿ ಗಿರಣಿ. ಕಾಲುವೆ ನೀರಿಗೆ ಭತ್ತ ಚೆನ್ನಾಗಿ ಬೆಳೆದು ಗಿರಣಿಗೆ ಬಿಡುವಿಲ್ಲದ ಕೆಲಸ. ಅಣ್ಣತಮ್ಮಂದಿರೆಲ್ಲ ಗಲ್ಲಾ ಹಿಡಿದರೆ ಇವರೊಬ್ಬರು ಹೊಸಪೇಟೆಯ ಕಾಲೇಜಿಗೆ ಬಂದು ಕೆಮಿಸ್ಟ್ರಿ ಹಿಡಿದರು. “ಅವ್ರು ನೆಲ್ಲಿನ ಹೊಟ್ಟು ಬಿಡಿಸ್ತಾರ, ನಾ ನಿಮ್ಮ ತಲ್ಯಾಗಿನ ಹೊಟ್ಟು ಬಿಡಿಸ್ತೀನಿ. ಎರಡೂ ಒಂದೇ ಧಂದೆ” ಎನ್ನುವರು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಅವರ ಕೈಕೆಳಗೆ ಎಂ.ಫಿಲ್‌ಗೆ ಸೇರಿದೆ. ಡಿಎನ್‌ಎಯ ನಾಲ್ಕು ಬೇಸ್ ಅಣುಗಳಲ್ಲಿ ಅಡೆನಿನ್ ಒಂದು. ಅದನ್ನು ನೀರಿನಲ್ಲಿ ಕರಗಿಸಿ, ತಿಕ್ಕಿ ಬೆಳಗಿದ ತಾಮ್ರದ ತಗಡನ್ನು ಅದ್ದಿ ತೆಗೆದರೆ, ಕಣ್ಣಿಗೆ ಕಾಣದ ಪದರವೊಂದು ತಗಡಿಗೆ ಅಂಟುತ್ತದೆ. ಅದರ ಮೇಲೆ ಎಕ್ಸ್-ರೇ ಬಿಟ್ಟರೆ ಹೊರಬೀಳುವ ಎಲೆಕ್ಟ್ರಾನುಗಳು ಅಲ್ಲಿ ಏನಿದೆ, ಯಾವುದು ಯಾವುದಕ್ಕೆ ಅಂಟಿದೆ ಎಂದು ಹೇಳುತ್ತವೆ. ನಮ್ಮವ್ವನಿಗೆ ಸರ್ ಇದನ್ನು ತಿಳಿಸಿಕೊಟ್ಟಿದ್ದರು: “ಅಡೆನಿನ್ ಅಂದ್ರ ಹೊಸ ಬೀಗ್ರು ಇದ್ದಂಗ ನೋಡ್ರಿ ಅಕ್ಕಾರ. ತಾಮ್ರದ ಮನಿಗೆ ಬಂದು ನೆಟ್ಟಗ ಕುಂತಾರೋ, ಅಡ್ಡ ಬಿದ್ದಾರೋ, ಯಾರ ಕೈ ಹಿಡ್ಕೊಂಡಾರೋ ಅಂತ ಎಕ್ಸ್-ರೇ ಹಾಕಿ ಕೇಳೂದು.” ಅವ್ವ, “ಬೀಗ್ರಿಗೆ ಯಾಕ್ರಿ ಸರ ಅಷ್ಟು ಕಾಟ? ಉಣ್ಣಾಕ ಹಾಕ್ರಿ” ಎಂದಿದ್ದಳು.

ಸರ್ ಕಟ್ಟಾ ಶಿವಭಕ್ತರು. ಹೊಸ ಕೆಲಸ ಯಾವುದೇ ಇರಲಿ, ಗಿರಣಿಯ ಮೋಟಾರಿಗೆ ಎಳೆದಂತೆ ಅಡೆನಿನ್ ಕರಗಿಸುವ ಗಾಜಿನ ಬೀಕರಿಗೂ ಮೂರು ಬೆರಳಿನಿಂದ ವಿಭೂತಿ ಎಳೆದು, “ಶಿವಾ, ನಡಸಪ್ಪಾ” ಎಂದೇ ಶುರು. ಹಾಗೆ ಮಾಡದಿದ್ದರೆ ನನಗೂ ಏನೋ ಬಿಟ್ಟುಹೋದಂತೆ ಅನ್ನಿಸುತ್ತಿತ್ತು.

ಎಕ್ಸ್-ರೇ ಯಂತ್ರ ಇದ್ದದ್ದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ. ಬೇಡಿ ಕಾಡಿ ನಮಗೆ ಸಿಕ್ಕಿದ್ದು ಎರಡು ದಿನ. ಅಷ್ಟರಲ್ಲಿ ಫಲಿತಾಂಶ ಬಾರದಿದ್ದರೆ ನನ್ನ ಎಂ.ಫಿಲ್ ಮುಳುಗಿದಂತೆಯೇ. ಹೊಸಪೇಟೆಯಲ್ಲಿ ತಯಾರಿಸಿ ಒಯ್ದ ತಗಡನ್ನು ಮೊದಲ ದಿನ ಯಂತ್ರಕ್ಕಿಟ್ಟರೆ, ಗ್ರಾಫಿನಲ್ಲಿ ಇಂಗಾಲದ ಶಿಖರದ ಮಗ್ಗುಲಲ್ಲೇ ಬೇಡದ ಉಬ್ಬುಗಳೆದ್ದವು. ಯಂತ್ರ ನೋಡಿಕೊಳ್ಳುವ ಮೇಡಂ ಮುಖ ಸಿಂಡರಿಸಿದರು. “ಪೊಟ್ಯಾಷಿಯಂ. ನಿಮ್ಮ ಹುಡುಗಿ ಗಾಜಿನ ಸಾಮಾನು ಸರಿಯಾಗಿ ತೊಳೆದಿಲ್ಲ ಸರ್. ಇಂಥ ಸ್ಯಾಂಪಲ್ ತಂದ್ರೆ ನಾಳೆ ಮಷೀನ್ ಕೊಡೋದು ಕಷ್ಟ.” ಕೈ ಸವೆಯುವಷ್ಟು ತೊಳೆದಿದ್ದೆ.

ಸರ್ ಗ್ರಾಫ್ ನೋಡಿದರು, ತಮ್ಮ ಮೂರು ಬೆರಳು ನೋಡಿಕೊಂಡರು, ಆಮೇಲೆ ಕೋಣೆ ಅದುರುವಂತೆ ನಕ್ಕರು.

“ಆಕಿ ತಪ್ಪಲ್ರಿ ಮೇಡಂ, ನಂದು! ಸಗಣಿ ಸುಟ್ಟ ಬೂದ್ಯಾಗ ಪೊಟ್ಯಾಷ್ ಇರ್ತೈತಿ ಅಂತ ಹುಡುಗ್ರಿಗೆ ವರ್ಷಾ ವರ್ಷಾ ಹೇಳ್ತೀನಿ. ನಾನೇ ಬೀಕರಿಗೆ ವಿಭೂತಿ ಬಡದೀನಿ, ಅದು ಒಳಗ ಉದುರೈತಿ!”

ಸುಮ್ಮನಿದ್ದಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ. ತಪ್ಪು ನನ್ನ ತಲೆಗೇ ಬರುತ್ತಿತ್ತು. ಮೇಡಂಗೂ ನಗು ತಡೆಯಲಾಗಲಿಲ್ಲ. “ನಾಳೆ ಇಲ್ಲೇ ಹೊಸದಾಗಿ ಮಾಡಿ, ನೋಡೋಣ” ಎಂದರು.

ಮರುದಿನ ಬೆಳಿಗ್ಗೆ ಲಾಡ್ಜಿನ ಬಾಗಿಲಲ್ಲಿ ನಿಂತ ಸರ್ ಅವರ ಗುರುತೇ ನನಗೆ ಹತ್ತಲಿಲ್ಲ. ಹಣೆ ಬೋಳು! ಚಿಕ್ಕಂದಿನಿಂದ ಒಂದು ದಿನವೂ ಹಣೆಗೆ ವಿಭೂತಿ ಹಚ್ಚುವುದು ಬಿಟ್ಟವರಲ್ಲ.

“ಸರ, ಇದೇನ್ರಿ?” ಎಂದೆ.

“ಬಗ್ಗಿದಾಗ ಉದುರಿದ್ರ? ಶಿವಂದು ದೊಡ್ಡ ಮನಸು ತಂಗಿ, ಒಂದಿನ ತಡ್ಕೋತಾನ. ಈ ಮೇಡಂ ತಡ್ಕೊಳ್ಳಂಗಿಲ್ಲ.”

ನಗು ಬಂತು, ಕಣ್ಣೂ ತುಂಬಿ ಬಂತು. ಪ್ರಯೋಗಾಲಯದಲ್ಲಿ ಅವರು ಬೀಕರಿನ ಹತ್ತಿರವೂ ಸುಳಿಯದೆ, ಕೈ ಹಿಂದೆ ಕಟ್ಟಿ ಗೋಡೆಗೆ ಆನಿಕೊಂಡರು. “ನೀನೇ ಅದ್ದು. ನನ್ನ ಕೈಯಾಗ ದೇವ್ರು ಅದಾನ, ನಿನ್ನ ಕೈಯಾಗ ಬರೇ ಸಾಬೂನು ಐತಿ. ಇವತ್ತು ಸಾಬೂನೇ ಬೇಕು.”

ಅಂದು ಉಬ್ಬುಗಳು ಏಳಲಿಲ್ಲ. ನೈಟ್ರೋಜನ್ನಿನ ಶಿಖರ ತನ್ನ ಜಾಗದಿಂದ ಚೂರು ಜರುಗಿ ನಿಂತಿತ್ತು. ಅಂದರೆ ಅಡೆನಿನ್ ತನ್ನ ನೈಟ್ರೋಜನ್ನಿನಿಂದಲೇ ತಾಮ್ರವನ್ನು ಹಿಡಿದುಕೊಂಡಿತ್ತು. “ಬೀಗ್ರು ಕೈ ಹಿಡದ್ರು ನೋಡ್ರಿ!” ಎಂದು ಸರ್ ಮಗುವಿನಂತೆ ಚಪ್ಪಾಳೆ ತಟ್ಟಿದರು.

ಎಂ.ಫಿಲ್ ಆಯಿತು, ಮುಂದಕ್ಕೂ ಓದಿದೆ. ಸರ್ ತೀರಿಕೊಂಡಾಗ ಕಂಪ್ಲಿಗೆ ಹೋಗಿದ್ದೆ. ಅಂಗಳದ ತುಂಬ ಹಳೆಯ ಶಿಷ್ಯರು, ಅವರ ಮಾತು ನೆನೆನೆನೆದು ನಗುವವರು, ಅಳುವವರು. ಈಗ ನನಗೂ ವಿದ್ಯಾರ್ಥಿಗಳಿದ್ದಾರೆ. ಗ್ರಾಫಿನಲ್ಲಿ ಏನಾದರೂ ಎಡವಟ್ಟಾಗಿ ಅವರ ಮುಖ ಬಿಳಿಚಿಕೊಂಡರೆ, “ತಡೀರಿ, ಮೊದಲು ನನ್ನ ತಪ್ಪು ಎಲ್ಲೈತಿ ಹುಡುಕೋಣು” ಎನ್ನುತ್ತೇನೆ. ಹುಡುಗರ ಹೆದರಿಕೆ ಇಳಿಯುತ್ತದೆ. ಪರವೂರಿನಲ್ಲಿ, ಪರರ ಮುಂದೆ, ನನ್ನ ಹೆಸರು ಕೆಡಬಾರದೆಂದು ಒಬ್ಬರು “ತಪ್ಪು ನಂದು” ಎಂದು ನಗುನಗುತ್ತ ಹೇಳಿದ್ದರು. ಇಲ್ಲದಿದ್ದರೆ ನನಗೆ ಆ ಮಾತು ಎಲ್ಲಿಂದ ಬರಬೇಕಿತ್ತು?