ಒರ್ವಿಯೆಟೊದ ಗೋಡೆ

ಮದುವೆಗೆ ಮುಂಚೆ ನಾನು ಮೂಡಿಗೆರೆಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಬಾಳೂರಿನ ತೋಟದ ಮನೆಗೆ ಸೊಸೆಯಾಗಿ ಬಂದ ಮೇಲೆ ಅದು ನಿಂತುಹೋಯಿತು. ಯಾರೂ ಬಿಡು ಎನ್ನಲಿಲ್ಲ. ಬೆಳಗಿನ ಹೊತ್ತು ಜೀಪು ಬಿಡುವಾಗಿರುತ್ತಿರಲಿಲ್ಲ, ಅಷ್ಟೆ.

ಓದುವ ಕಾಲದಲ್ಲಿ ನಮ್ಮ ಮೇಷ್ಟ್ರು ಹಳೆಯ ಪುಸ್ತಕವೊಂದರಲ್ಲಿ ತೋರಿಸಿದ್ದ ಚಿತ್ರ ಮಾತ್ರ ತಲೆಯಲ್ಲಿ ಉಳಿದಿತ್ತು. ಲೋಕದ ಕೊನೆಯ ದಿನ ಸತ್ತವರು ನೆಲದೊಳಗಿಂದ ಎದ್ದು ಬರುತ್ತಿದ್ದಾರೆ. ಒಬ್ಬ ಸೊಂಟದವರೆಗೆ ಬಂದು, ಕೈಗಳನ್ನು ನೆಲಕ್ಕೂರಿ, ಉಳಿದ ಮೈಯನ್ನು ಮೇಲೆಳೆದುಕೊಳ್ಳುತ್ತಿದ್ದಾನೆ. ಇಟಲಿಯಲ್ಲಿ ಒರ್ವಿಯೆಟೊ ಎಂಬ ಗುಡ್ಡದ ಮೇಲಿನ ಊರಿದೆ, ಅಲ್ಲಿನ ದೊಡ್ಡ ಚರ್ಚಿನ ಗೋಡೆಯಲ್ಲಿ ಇದಿದೆ ಎಂದಿದ್ದರು ಮೇಷ್ಟ್ರು.

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ನಮ್ಮ ಕಡೆಯ ಬೆಳೆಗಾರರು ಗುಂಪು ಕಟ್ಟಿಕೊಂಡು ಇಟಲಿಗೆ ಹೊರಟರು. ರೋಮ್‌ನಿಂದ ಒಂದು ದಿನ ಗುಡ್ಡದ ಊರುಗಳಿಗೆ ಹೋಗುವುದೂ ಅದರಲ್ಲಿತ್ತು. ನಾನೂ ಬರುತ್ತೇನೆ ಎಂದೆ.

ಯಜಮಾನರು ನಕ್ಕರು. "ಚಾರ್ಮಾಡಿ ಘಾಟಿ ಇಳಿಯೋಕೇ ವಾಂತಿ ಮಾಡ್ತೀಯ, ನೀನು ಇಟಲಿಗಾ?"

ನಕ್ಕರೂ ಕರೆದುಕೊಂಡು ಹೋದರು. ಗುಡ್ಡದ ಊರುಗಳಿಗೆ ಹೋಗುವ ದಿನ ರೋಮ್‌ನಿಂದ ಹೊರಡುವಾಗಲೇ ತಡವಾಯಿತು. ಪ್ರವಾಸದ ಅಡಿಗೆಯವರ ಉಪ್ಪಿಟ್ಟಿಗೆ ಎಲ್ಲರೂ ಕಾದರು. ಮೊದಲ ಊರಿನಲ್ಲಿ ಚರ್ಚಿನ ಬಾಗಿಲು ಮಧ್ಯಾಹ್ನಕ್ಕೆಂದು ಹಾಕಿತ್ತು. ಗಂಡಸರು ವೈನ್ ರುಚಿ ನೋಡಲು ಹೋದರು, ಹೆಂಗಸರು ಚರ್ಮದ ಬ್ಯಾಗಿನ ಅಂಗಡಿಗೆ. ನಾನು ಮೆಟ್ಟಿಲ ಮೇಲೆ ಕೂತು ಹೊತ್ತು ನೋಡುತ್ತಿದ್ದೆ.

ಒರ್ವಿಯೆಟೊ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕಡಿದಾದ ಬಂಡೆಯ ನೆತ್ತಿಯ ಮೇಲೆ ಊರು. ಓಣಿಯ ತಿರುವಿನಲ್ಲಿ ಚರ್ಚು ಏಕಾಏಕಿ ಎದ್ದು ನಿಂತಿತ್ತು. ಪಕ್ಕದ ಗೋಡೆಗಳಿಗೆ ಕಪ್ಪು ಬಿಳಿ ಕಲ್ಲಿನ ಪಟ್ಟೆ, ಮುಂಭಾಗಕ್ಕೆಲ್ಲ ಚಿನ್ನದ ಬಣ್ಣದ ಚಿತ್ರಗಳು. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಂಡರು. ಒಳಗೆ ಹೋಗಲು ಬೇರೆ ಟಿಕೆಟ್ಟು, ಬಸ್ಸಿಗೂ ಹೊತ್ತಾಗುತ್ತದೆ ಎಂದರು ನಮ್ಮನ್ನು ಕರೆದುಕೊಂಡು ಬಂದವರು.

"ಹೊರಗೇ ಇಷ್ಟು ಬಳಿದಿದ್ದಾರಲ್ಲ, ಒಳಗಿನ್ನೆಂತ ಇರುತ್ತೆ ಮಾರಾಯ್ತಿ? ಬಾ, ಐಸ್‌ಕ್ರೀಮ್ ತಿನ್ನುವ" ಎಂದರು ಯಜಮಾನರು.

"ನಾನು ಬಂದಿದ್ದೇ ಇದಕ್ಕೆ."

"ಹಾಗಾದ್ರೆ ಬೇಗ ಹೋಗ್ಬಾ." ಅಷ್ಟರಲ್ಲಿ ಅವರು ತೋಟದ ಲೆಕ್ಕ ನೋಡುವ ರೈಟರಿಗೆ ಫೋನು ಹಚ್ಚಿ, ಊರಲ್ಲಿ ಮಳೆ ಎಷ್ಟು ಬಿತ್ತೆಂದು ಕೇಳತೊಡಗಿದ್ದರು.

ಬಲಗಡೆಯ ಸಣ್ಣ ಕೋಣೆಯಲ್ಲಿ ಆ ಗೋಡೆಯಿತ್ತು. ಪುಸ್ತಕದಲ್ಲಿ ಅಂಗೈಯಷ್ಟಿದ್ದವರು ಇಲ್ಲಿ ಆಳೆತ್ತರ. ನೆಲ ಮಣ್ಣಿನಂತಿರಲಿಲ್ಲ, ಬೆಳ್ಳಗೆ, ಗಟ್ಟಿ ಮೊಸರಿನಂತಿತ್ತು. ಮೇಲೆ ಬಂದವರು ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದರು. ಇನ್ನೂ ಬರಿ ಎಲುಬಾಗಿದ್ದ ಕೆಲವರು ನಗುತ್ತಿರುವಂತೆ ಕಂಡರು. ಪುಸ್ತಕದಲ್ಲಿ ಕಂಡಿದ್ದ ನನ್ನವನು ಹಾಗೇ ಕೈಯೂರಿಕೊಂಡಿದ್ದ. ಗದ್ದೆಯ ಕೆಸರಿನಿಂದ ಕಾಲು ಕೀಳುವವರ ಮುಖದಲ್ಲಿ ಕಾಣುವ ಬಿಗಿ ಅವನ ಮುಖದಲ್ಲಿತ್ತು. ನರಕದ ಚಿತ್ರವಿದ್ದ ಪಕ್ಕದ ಗೋಡೆಯತ್ತ ತಿರುಗಬೇಕು, ಅಷ್ಟರಲ್ಲಿ ಯಜಮಾನರ ಫೋನು ಬಂತು. ಕಾವಲಿನವನು ಬಾಗಿಲು ತೋರಿಸಿದ.

"ನನ್ನ ಬಿಪಿ ಮಾತ್ರೆ ನಿನ್ನ ಬ್ಯಾಗಲ್ಲಿದೆ. ಬೇಗ ಬಾ."

ಓಡಿದೆ. ಅವರು ನೆರಳಲ್ಲಿ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ಮಾತ್ರೆ ತೆಗೆದುಕೊಟ್ಟರೆ ಜೇಬಿಗೆ ಹಾಕಿಕೊಂಡರು.

"ಈಗ ತಗೊಳ್ಳಲ್ವಾ?"

"ರಾತ್ರಿ ಊಟ ಆದ್ಮೇಲೆ ತಾನೇ? ಆಮೇಲೆ ಮರೆತು ಹೋಗುತ್ತೆ ಅಂತ."

ಮತ್ತೆ ಒಳಗೆ ಬಿಡಲಿಲ್ಲ, ಮುಚ್ಚುವ ಹೊತ್ತಾಗಿತ್ತು. ಬಸ್ಸಿನಲ್ಲಿ ಯಜಮಾನರು ತಾವಾಗಿಯೇ "ಎಂತ ಇತ್ತು ಒಳಗೆ?" ಎಂದು ಕೇಳಿದರು. ಕೇಳಿದರಲ್ಲ ಎಂಬ ಸಂತೋಷಕ್ಕೆ ಎಲ್ಲ ಹೇಳಿದೆ. ಬಿಳಿ ನೆಲ, ನಗುವ ಎಲುಬು, ಕೆಸರಿನಿಂದ ಕಾಲು ಕೀಳುವ ಮುಖ. ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿದೆ ಅಂದುಕೊಂಡಿದ್ದೆ.

ನಿದ್ದೆ ಬಂದಿರಲಿಲ್ಲ. ಊರಿಗೆ ಬಂದ ಮೇಲೆ ಕೊಟ್ಟಿಗೆಹಾರದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಅವರ ದನಿ ಕೇಳಿತು. "ನಾನಂತೂ ಆ ಗೋಡೆ ಮುಂದೆ ನಿಂತವನು ಅಲ್ಲಾಡ್ಲಿಲ್ಲ. ಗದ್ದೆ ಕೆಸರಿಂದ ಕಾಲು ಕಿತ್ತ ಹಾಗೆ ಮೇಲೆ ಬರ್ತಾರೆ ಮಾರಾಯ. ಕಣ್ಣಲ್ಲಿ ನೀರು ಬಂತು."

"ನೀವು ಒಳಗೇ ಬಂದಿರ್ಲಿಲ್ಲ" ಎಂದೆ.

ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಮನೆಗೆ ಬರುವ ದಾರಿಯಲ್ಲಿ ಮಾತ್ರ, "ನಾಲ್ಕು ಜನರ ಎದುರು ಹಾಗೆ ಹೇಳೋದಾ? ನೋಡಿದ್ದು ಯಾರಾದ್ರೇನು, ಹೋಗಿದ್ದು ಇಬ್ರೂ ಅಲ್ವಾ?" ಎಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ನನಗೆ ಅದಕ್ಕೇ ಹೆಚ್ಚು ಸಿಟ್ಟು ಬಂತು.

ಮುಂದೆ ಬೆಳೆಗಾರರ ಸಭೆಯಲ್ಲಿ ಇಟಲಿಯ ಚರ್ಚುಗಳ ಬಗ್ಗೆ ನಾಲ್ಕು ಮಾತಾಡಿ ಎಂದು ಅವರನ್ನೇ ಕೇಳಿದರು. "ಸ್ವಲ್ಪ ಬರೆದುಕೊಡು" ಎಂದು ನನ್ನ ಹತ್ತಿರ ಬಂದರು. ನೆನಪಿಲ್ಲ ಎಂದೆ. ಎಲ್ಲೆಲ್ಲಿಂದಲೋ ಹುಡುಕಿ ತಯಾರಾದರು. ನಾನು ನೋಡದ ನರಕದ ಗೋಡೆಯನ್ನೂ, ಹೆಂಗಸೊಬ್ಬಳನ್ನು ಬೆನ್ನ ಮೇಲೆ ಹೊತ್ತು ಹಾರುವ ಪಿಶಾಚಿಯನ್ನೂ ಬಣ್ಣಿಸಿದರು. ಚೆನ್ನಾಗಿಯೇ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನತ್ತ ತಿರುಗಿದರು.

"ನೀವೂ ಹೋಗಿದ್ರಾ?"

"ಹೌದು, ಜೊತೆಗೆ ಹೋಗಿದ್ದೆ" ಎಂದೆ.